ಜನವರಿ ಒಂದರಂದು ಹುಟ್ಟಿದ ಕುದುರೆಗಳು

ಅಧ್ಯಾಯ ಹನ್ನೊಂದು

“ಇನ್ನೊಂದ್ಸಲ ಹೇಳಮ್ಮ. ನಿಧಾನಕ್ಕೆ ಹೇಳು. ನಾನು ಬೆರಳಚ್ಚಿನವನು, ಕಂಪ್ಯೂಟರಿನವನಲ್ಲ.”

ಏಕಾಂತಯ್ಯ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡು, ಹಣೆಗೇರಿಸಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿದರು. ಮೂವತ್ತು ವರ್ಷ ಪೊಲೀಸ್ ಇಲಾಖೆಯಲ್ಲಿ ಕಳ್ಳರ ಬೆರಳಚ್ಚು ನೋಡಿ ನಿವೃತ್ತರಾದ ಮನುಷ್ಯ. ಈಗ ಕ್ಯಾತ್ಸಂದ್ರದ ಮನೆಯಲ್ಲಿ ಕೂತು ಕರೆದವರ ಕೇಸು ಹಿಡಿಯುತ್ತಾರೆ. ಕಣ್ಣಿಗೆ ಬಿದ್ದ ಒಂದು ಗೆರೆಯನ್ನೂ ಸುಮ್ಮನೆ ಬಿಟ್ಟವರಲ್ಲ.

ಶಶಿರೇಖಾಳಿಗೆ ಅದೇ ಭಯ.

ಶೆಟ್ಟಿಹಳ್ಳಿಯ ಮೊದಲ ಮಹಡಿಯ ಅವಳ ಆಫೀಸಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಇನ್ನೂ ಯಾರೂ ಬಂದಿರಲಿಲ್ಲ. ಮೇಜಿನ ಮೇಲೆ ಪೊಲೀಸರ ಕಡತದಿಂದ ಬಂದ ಒಂದು ನಕಲು ಹಾಳೆ ಇತ್ತು. ಅವಳೇ ಬರೆದ ಪ್ರೋಗ್ರಾಂ ಮೂರನೇ ತಾರೀಕು ಸೋಮವಾರ ಕೊಟ್ಟ ವರದಿ. ಅದರಲ್ಲಿ ಒಂದೇ ಒಂದು ಕೆಂಪು ಸಾಲು: ಕಸ್ತೂರಿ, ಹದಿನಾಲ್ಕನೇ ಕೋಣೆ, ‘ಇದು ಅದಲ್ಲ’. ಆ ಒಂದು ಸಾಲಿನ ಮೇಲೆ ಕುಣಿಗಲ್ ಹತ್ತಿರದ ನಂದಿಕಟ್ಟೆ ಕುದುರೆ ಫಾರಂನ ಲಾಯದಾಳು ವೆಂಕಟರಂಗಯ್ಯ ಎಂಟು ದಿನದಿಂದ ಜೈಲಿನಲ್ಲಿದ್ದ. ಗಬ್ಬದ ಕುದುರೆ ಕಸ್ತೂರಿಯನ್ನು ಕದ್ದು ಹೊರಗೆ ಸಾಗಿಸಿ, ಎಲ್ಲೋ ಬೀಳಿಸಿ, ಅದರ ಸಾವಿಗೆ ಕಾರಣನಾದ ಎಂಬ ಆರೋಪ.

“ಫಾರಂನಲ್ಲಿ ಇಪ್ಪತ್ತೆರಡು ಹೆಣ್ಣು ಕುದುರೆ ಸರ್,” ಎಂದು ಶಶಿರೇಖಾ ಮತ್ತೆ ಮೊದಲಿನಿಂದ ಶುರು ಮಾಡಿದಳು. “ಪ್ರತಿ ಸೋಮವಾರ ಲಾಯದೋರು ಒಂದೊಂದರ ಕತ್ತಿನ ಚಿಪ್‌ಗೂ ಸ್ಕ್ಯಾನರ್ ಹಿಡೀತಾರೆ. ಹಿಡಿದ ತಕ್ಷಣ ಹೆಸ್ರು, ಕೋಣೆ, ಹುಟ್ಟಿದ ದಿನ, ತೂಕ ಎಲ್ಲ ಸೇರಿ ಒಂದು ಗಂಟಾಗಿ ನನ್ನ ಪ್ರೋಗ್ರಾಂಗೆ ಬರುತ್ತೆ. ನಾವು ಅದಕ್ಕೆ ಆಬ್ಜೆಕ್ಟ್ ಅಂತೀವಿ. ಇಪ್ಪತ್ತೆರಡು ಗಂಟಿನ ಒಂದು ಸಾಲು. ಹೋದ ವಾರದ ಸಾಲು, ಈ ವಾರದ ಸಾಲು ಎರಡನ್ನೂ ಎದುರುಬದುರು ನಿಲ್ಸಿ ಹೋಲಿಸ್ತೀನಿ. ಮೊದಲನೇದಕ್ಕೆ ಮೊದಲನೇದು, ಎರಡನೇದಕ್ಕೆ ಎರಡನೇದು.”

“ಯಾವುದು ಮೊದಲು ಅಂತ ಯಾರು ಹೇಳೋರು?”

“ಹುಟ್ಟಿದ ದಿನ. ದೊಡ್ಡದು ಮುಂದೆ, ಚಿಕ್ಕದು ಹಿಂದೆ.”

“ಸರಿಯಾಗೇ ಇದೆಯಲ್ಲ.”

“ಮನುಷ್ಯರಿಗಾದ್ರೆ ಸರಿ. ಇವು ರೇಸಿನ ಜಾತಿ ಕುದುರೆ ಸರ್. ಮರಿ ಫೆಬ್ರವರೀಲಿ ಹುಟ್ಲಿ, ಏಪ್ರಿಲ್‌ನಲ್ಲಿ ಹುಟ್ಲಿ, ಲೆಕ್ಕಕ್ಕೆ ಅದರ ಹುಟ್ಟಿದಹಬ್ಬ ಜನವರಿ ಒಂದು. ಆ ವರ್ಷ ಹುಟ್ಟಿದ್ದಕ್ಕೆಲ್ಲ ಅದೇ ದಿನ. ಕುದುರೆ ಸಾಕೋರಿಗೆಲ್ಲ ಗೊತ್ತಿರೋ ಮಾತು. ನನಗೆ ಗೊತ್ತಿರ್ಲಿಲ್ಲ. ಫಾರಂನವರು ಕೊಟ್ಟ ತಾರೀಕನ್ನೇ ಹಾಕ್ಕೊಂಡೆ.”

ಏಕಾಂತಯ್ಯ ತಲೆಯಾಡಿಸಿದರು. ಅರ್ಥವಾಗದ್ದನ್ನು ಅರ್ಥವಾಯಿತು ಎನ್ನುವ ಚಾಳಿ ಅವರಿಗಿಲ್ಲ, ಅರ್ಥವಾಗಿತ್ತು.

“ಸ್ಕೂಲಲ್ಲಿ ಪ್ರೇಯರ್‌ಗೆ ಎತ್ತರದ ಪ್ರಕಾರ ನಿಲ್ಲಿಸ್ತಾರಲ್ಲ, ಹಂಗೆ,” ಎಂದಳು. “ಒಂದೇ ಎತ್ತರದ ನಾಲ್ಕು ಮಕ್ಕಳಿದ್ರೆ ಹಳೇ ಮೇಷ್ಟ್ರು ತಮಗೆ ತೋಚಿದ ಹಾಗೆ ನಿಲ್ಲಿಸ್ತಿದ್ರು. ಆದ್ರೆ ವಾರವಾರವೂ ಅದೇ ಥರ. ಅದಕ್ಕೇ ಮೂರು ವರ್ಷ ಏನೂ ತೊಂದ್ರೆ ಆಗ್ಲಿಲ್ಲ. ಒಂದನೇ ತಾರೀಕು ಶನಿವಾರ ನಾನು ಪ್ರೋಗ್ರಾಂ ಬರೆಯೋ ಭಾಷೆ ಬದಲಾಯಿಸ್ದೆ. ಪಿಎಚ್‌ಪಿ ಏಳರಿಂದ ಎಂಟಕ್ಕೆ. ಹಳೇದು ನಡೆಯೋ ಸರ್ವರ್ ಇನ್ನು ಇರೋದಿಲ್ಲ ಅಂದಿದ್ರು. ಹೊಸ ಮೇಷ್ಟ್ರು ಬೇರೆ ಥರ. ಒಂದೇ ಎತ್ತರ ಇದ್ರೆ ಯಾರು ಮೊದಲು ಬಂದ್ರೋ ಅವ್ರೇ ಮುಂದೆ ಅಂತಾರೆ.”

“ಅಂದ್ರೆ ಸೋಮವಾರ ಹಳೇ ಮೇಷ್ಟ್ರ ಸಾಲಿನ ಎದುರಿಗೆ ಹೊಸ ಮೇಷ್ಟ್ರ ಸಾಲು ಬಂದು ನಿಂತ್ಕೊಂತು.”

“ಹೌದು ಸರ್. ಕಸ್ತೂರಿ ಎದುರಿಗೆ ಇನ್ನೊಂದು ಕುದುರೆ ಬಂತು. ನನ್ನ ಪ್ರೋಗ್ರಾಂ ‘ಇದು ಅದಲ್ಲ’ ಅಂತು. ಭಾಷೆಯ ತಪ್ಪೇನಿಲ್ಲ. ಚಿಪ್ ನಂಬರ್ ನೋಡಿ ಹೋಲಿಸ್ಬೇಕಿತ್ತು, ನಾನು ನಿಂತ ಜಾಗ ನೋಡಿ ಹೋಲಿಸಿದ್ದೆ.”

“ಹಂಗಾದ್ರೆ ಈ ಗತಿ ಕಸ್ತೂರಿಗೊಂದಕ್ಕೇ ಯಾಕಾಯ್ತು?”

ಅವಳು ಪ್ರಿಂಟರ್‌ನಿಂದ ಬಿಸಿಯಾರದ ಹಾಳೆಯೊಂದನ್ನು ತಂದು ಪೊಲೀಸರ ನಕಲಿನ ಪಕ್ಕ ಇಟ್ಟಳು. ಅದೇ ದಿನದ ಅದೇ ವರದಿ, ಅವಳ ಬ್ಯಾಕಪ್‌ನಿಂದ ತೆಗೆದದ್ದು. ಅದರಲ್ಲಿ ಕೆಂಪು ಸಾಲು ಏಳು.

ಏಕಾಂತಯ್ಯ ಎರಡನ್ನೂ ಬಹಳ ಹೊತ್ತು ನೋಡಿದರು. “ಒಂದೇ ದಿನ ಏಳು ಕುದುರೆ ಮಾಯ ಆದ್ವು ಅಂದ್ರೆ ಸ್ಟೇಷನ್ನಿನ ಗೋಡೆನೂ ನಗುತ್ತೆ. ಒಂದು ಅಂದ್ರೆ ನಂಬ್ತಾರೆ. ಯಾರೋ ಕೂತ್ಕೊಂಡು ಆರು ಸಾಲು ಕಿತ್ತಿದಾರೆ.” ಆಮೇಲೆ, ತಲೆ ಎತ್ತದೆಯೇ ಕೇಳಿದರು: “ಇದು ನಿನಗೆ ಗೊತ್ತಾಗಿದ್ದು ಯಾವಾಗ?”

“ನೆನ್ನೆ ಸರ್.”

ಶುದ್ಧ ಸುಳ್ಳು. ಹೇಳಿದ ನಾಲಿಗೆಗೇ ಅದು ಕಹಿಯಾಯಿತು. ಏಕಾಂತಯ್ಯ ಮಾತ್ರ ಹಾಳೆಗಳನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಎದ್ದರು.

“ನಾಳೆ ಜಾಮೀನು ಅರ್ಜಿ ಬರುತ್ತೆ. ವಕೀಲ ಲಕ್ಷ್ಮೀನರಸಿಂಹಯ್ಯ ಸಂಜೆ ಐದಕ್ಕೆ ನಿನಗೆ ಫೋನ್ ಮಾಡ್ತಾರೆ. ನಿನ್ನ ಹೇಳಿಕೆ ಬರ್ಕೊಂಡು ಪ್ರಮಾಣಪತ್ರ ಮಾಡ್ತಾರೆ. ನೀನು ಬಾಯಿ ಬಿಟ್ರೆ ಆ ಮನುಷ್ಯ ನಾಳೆ ಮನೆಗೆ ಹೋಗ್ತಾನೆ. ಬಾ, ಮೊದಲು ಕುಣಿಗಲ್‌ಗೆ ಹೋಗಿ ಬರೋಣ.”

*

ಹೆಬ್ಬೂರು ದಾಟುವವರೆಗೂ ಕಾರಿನಲ್ಲಿ ಏಕಾಂತಯ್ಯ ಕಣ್ಣು ಮುಚ್ಚಿ ಕೂತಿದ್ದರು. ನಿದ್ದೆಯೋ ಯೋಚನೆಯೋ ಹೇಳುವುದು ಕಷ್ಟ.

ಗಾಡಿ ಓಡಿಸುತ್ತಿದ್ದ ಶಶಿರೇಖಾಳಿಗೆ ಹನ್ನೆರಡನೇ ತಾರೀಕಿನ ಪೇಪರ್ ಬೇಡವೆಂದರೂ ನೆನಪಿಗೆ ಬರುತ್ತಿತ್ತು. ಒಳಪುಟದಲ್ಲಿ ಸಣ್ಣ ಫೋಟೋ. ಇಬ್ಬರು ಪೊಲೀಸರ ನಡುವೆ ಬಿಳಿಗಡ್ಡದ ಮನುಷ್ಯ, ತಲೆಗೆ ಟವೆಲು. ಆವತ್ತು ಆ ಪೇಪರನ್ನು ನಾಲ್ಕಾಗಿ ಮಡಿಸಿ ಅಕ್ಕಿ ಡಬ್ಬದ ಕೆಳಗೆ ಇಟ್ಟುಬಿಟ್ಟಿದ್ದಳು. ದಿನಾ ಅಕ್ಕಿ ತೆಗೆಯುವಾಗ ಅದರ ಅಂಚು ಕಾಣುತ್ತಿತ್ತು. ತೆಗೆದು ಎಸೆಯುವ ಧೈರ್ಯವೂ ಇಲ್ಲ, ಓದುವ ಧೈರ್ಯವೂ ಇಲ್ಲ.

ಇನ್ನೂ ಮೂರು ಫಾರಂಗಳು ಅವಳ ಪ್ರೋಗ್ರಾಂ ನೋಡಲು ಒಪ್ಪಿದ್ದವು. ಆಫೀಸಿನಲ್ಲಿ ಆರು ಜನ ಹುಡುಗಿಯರು ಅದನ್ನೇ ನಂಬಿಕೊಂಡಿದ್ದರು. ನಾಳೆ ಹೇಳಿದರಾಯಿತು, ನಾಡಿದ್ದು ಹೇಳಿದರಾಯಿತು ಅಂತ ಎಂಟು ದಿನ ದೂಡಿದ್ದಳು. ಕೊನೆಗೆ ಏಕಾಂತಯ್ಯನವರೇ ಹುಡುಕಿಕೊಂಡು ಬಂದು ಬಾಗಿಲು ತಟ್ಟಿದ ಮೇಲೆ ಬಾಯಿ ಬಿಟ್ಟವಳು, ಅದನ್ನೂ ಅರ್ಧ ಮಾತ್ರ.

*

ನಂದಿಕಟ್ಟೆ ಫಾರಂನ ಗೇಟು ದಾಟಿದ ಕೂಡಲೇ ಲಾಯದ ಆ ತುದಿಯಿಂದ ಧಡ್ ಧಡ್ ಎಂದು ಬಾಗಿಲು ಒದೆಯುವ ಸದ್ದು ಕೇಳಿಸಿತು. ಹುಲ್ಲು ಹೊತ್ತು ಬರುತ್ತಿದ್ದ ಹೆಂಗಸು ಇವರು ಬೆಚ್ಚಿದ್ದನ್ನು ಕಂಡು ನಕ್ಕಳು.

“ಏನಿಲ್ಲ ಬನ್ನಿ, ಅದು ಚಂದ್ರಿ. ಮುದಿ ಕುದ್ರೆ. ರಂಗಯ್ಯಣ್ಣ ಬೆಳಿಗ್ಗೆ ಎದ್ದು ಮೊದ್ಲು ಅದರ ಮುಖ ನೋಡ್ಬೇಕು, ಇಲ್ದಿದ್ರೆ ಲಾಯ ಎಲ್ಲ ಎಬ್ಬಿಸ್ತದೆ. ಹುಲ್ಲು ಹಾಕ್ಲಿ, ಕತ್ತಿಗೆ ಮಿಷನ್ ಹಿಡೀಲಿ, ಆ ಇಪ್ಪತ್ತೆರಡನೇ ರೂಮಿಂದ್ಲೇ ಶುರು ಮಾಡ್ಕೊಂಡು ಈ ಕಡೀಕ್ ಬರೋರು. ಅವ್ರು ಹೋದಾಗಿಂದ ಹಿಂಗೇ ಒದೀತಾ ಅದೆ. ಯಾರ್ ಕೇಳ್ತಾರೆ ಬುಡಿ.”

ಶಶಿರೇಖಾ ತಲೆ ತಗ್ಗಿಸಿಕೊಂಡು ಮುಂದೆ ನಡೆದಳು.

ಮ್ಯಾನೇಜರ್ ಸೋಮಶೇಖರ್ ಬೂಟಿಗೆ ಧೂಳು ತಾಗದ ಹಾಗೆ ಲಾಯದಲ್ಲಿ ಓಡಾಡುವ ವಿದ್ಯೆ ಬಲ್ಲವನು. ಐವತ್ತರ ಹತ್ತಿರದ ವಯಸ್ಸು, ಇಸ್ತ್ರಿ ಮುರಿಯದ ಅಂಗಿ, ಮೆಲುದನಿ. ಇಬ್ಬರಿಗೂ ಕಾಫಿ ತರಿಸಿದ. ಕುಡಿಯುವವರೆಗೂ ಕಾದ. ಇಂಥವರ ಕಾಫಿ ಕುಡಿಯುವುದಕ್ಕೆ ಏಕಾಂತಯ್ಯ ಯಾವತ್ತೂ ಬೇಡ ಎಂದವರಲ್ಲ.

ಲೋಟ ಕೆಳಗಿಟ್ಟು ಎರಡು ಹಾಳೆಗಳನ್ನೂ ಮೇಜಿನ ಮೇಲೆ ಬಿಡಿಸಿದರು. “ಇದರಲ್ಲಿ ಏಳು ಇದಾವೆ. ನೀವು ಪೊಲೀಸ್ನೋರಿಗೆ ಕೊಟ್ಟಿದ್ರಲ್ಲಿ ಒಂದಿದೆ. ಆರು ಎಲ್ಲಿಗೆ ಹೋದ್ವು?”

“ಬೇಡದ್ದು ತೆಗೆದೆ ಸರ್. ಆ ಆರು ಕುದುರೆ ಕಣ್ಣೆದುರಿಗೇ ಇದಾವೆ. ಸತ್ತಿದ್ದು ಕಸ್ತೂರಿ. ಅವ್ರು ಕೇಳಿದ್ದೂ ಕಸ್ತೂರಿ ವಿಷ್ಯಾನೇ.”

“ಸತ್ತಿದ್ದು ಯಾವತ್ತು?”

“ಐದನೇ ತಾರೀಕು, ಬುಧವಾರ. ಸೊಂಟದ ಮೂಳೆ ಮುರಿದಿತ್ತು. ಡಾಕ್ಟರ್ ಮಾಲಿನಿ ಬರೆದು ಕೊಟ್ಟಿದಾರೆ. ಬಿದ್ದ ಪೆಟ್ಟು, ಒಂದೆರಡು ದಿನ ಹಳೇದು ಅಂತ.”

“ಲಾಯದಲ್ಲೇ ಜಾರಿ ಬಿದ್ದಿರಬಹುದು.”

“ಇರಬಹುದಿತ್ತು, ಈ ರಿಪೋರ್ಟ್ ಇಲ್ದಿದ್ರೆ. ಸೋಮವಾರ ಕಸ್ತೂರಿ ಜಾಗದಲ್ಲಿ ಬೇರೆ ಕುದುರೆ ಇತ್ತಲ್ಲ. ಅಂದ್ರೆ ಹೊರಗೆ ಹೋಗಿತ್ತು.”

ಏಕಾಂತಯ್ಯ ಪೊಲೀಸರ ಹಾಳೆಯನ್ನು ಅವನ ಕಡೆಗೆ ತಿರುಗಿಸಿ, ತಳದ ಅಂಚಿನಲ್ಲಿ ಉಗುರು ಇಟ್ಟರು. ಅಲ್ಲಿ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ಮುದ್ರಣದ ಸಮಯವಿತ್ತು.

“ಓದಿ ಸರ್. ನನ್ನ ಕಣ್ಣಿಗೂ ವಯಸ್ಸಾಯ್ತು.”

ಸೋಮಶೇಖರ್ ಓದಲಿಲ್ಲ. ಶಶಿರೇಖಾಳೇ ಬಗ್ಗಿ ಓದಿದಳು. “ಮೂರನೇ ತಾರೀಕು. ಮಧ್ಯಾಹ್ನ ಹನ್ನೆರಡು ಐವತ್ತು.”

“ಸೋಮವಾರ ಮಧ್ಯಾಹ್ನ ಏಳು ಕುದುರೆನೂ ನಿಮ್ಮ ಕಣ್ಣೆದುರಿಗೇ ಇದ್ವು,” ಎಂದರು ಏಕಾಂತಯ್ಯ. “ಯಾವುದೂ ಸತ್ತಿರ್ಲಿಲ್ಲ. ಯಾವ ಪೊಲೀಸ್ನೋನೂ ಕೇಳಿರ್ಲಿಲ್ಲ. ಬುಧವಾರ ಸಾಯೋದು ಯಾವುದು ಅಂತ ಸೋಮವಾರವೇ ನೋಡಿ ಆರಿಸಿ ಇಟ್ಟಿದೀರಲ್ಲ, ಅದು ಹೇಗೆ?”

ಕಿಟಕಿಯಾಚೆ ಚಂದ್ರಿ ಇನ್ನೂ ಒದೆಯುತ್ತಿತ್ತು. ಸೋಮಶೇಖರ್ ಕರವಸ್ತ್ರ ತೆಗೆದು ತುಟಿ ಒರೆಸಿಕೊಂಡ. ಆಮೇಲೆ ಶಶಿರೇಖಾಳ ಕಡೆ ತಿರುಗಿ ನಕ್ಕ. ಆ ನಗು ನೋಡಿದ ಕೂಡಲೇ ಅವಳಿಗೆ ಮುಂದೇನು ಬರುತ್ತದೆಂದು ತಿಳಿಯಿತು.

“ನನ್ನನ್ನ ಯಾಕೆ ಕೇಳ್ತೀರಿ ಸರ್, ಮೇಡಂನ ಕೇಳಿ,” ಎಂದು ಮೊಬೈಲ್ ಮೇಜಿನ ಮೇಲಿಟ್ಟು ಬೆರಳು ಒತ್ತಿದ.

ಶಶಿರೇಖಾಳ ದನಿಯೇ ಕೋಣೆಯಲ್ಲಿ ಮಾತಾಡಿತು. ಅವಸರದ, ಹಗುರವಾದ, ಗಿರಾಕಿಯನ್ನು ಸಮಾಧಾನ ಮಾಡುವ ದನಿ: “ಅಯ್ಯೋ ಅದೇನೂ ಇಲ್ಲ ಸರ್. ಭಾಷೆ ಬದಲಾಯಿಸಿದ್ನಲ್ಲ, ಸಾಲು ಹಿಂದೆಮುಂದೆ ಆಗಿದೆ ಅಷ್ಟೆ. ಏಳೂ ಸುಳ್ಳು. ಸಂಜೆಯೊಳಗೆ ಸರಿ ಮಾಡ್ತೀನಿ. ಆ ರಿಪೋರ್ಟ್ ಮಾತ್ರ ಯಾರಿಗೂ ತೋರಿಸ್ಬೇಡಿ, ಪ್ಲೀಸ್.”

“ಮೂರನೇ ತಾರೀಕು ಹನ್ನೆರಡು ಇಪ್ಪತ್ತಕ್ಕೆ ಮಾಡಿದ ಫೋನು,” ಎಂದ ಸೋಮಶೇಖರ್. “ಆವತ್ತೇ ಎಲ್ಲ ಗೊತ್ತಿತ್ತು ಇವ್ರಿಗೆ. ಸಂಜೆ ವೆಬ್‌ಸೈಟಿಂದ ಆ ರಿಪೋರ್ಟನ್ನೂ ಅಳಿಸಿಬಿಟ್ರು. ನಾಳೆ ಕೋರ್ಟಲ್ಲಿ ಬಂದು ನಿಂತ್ರೆ ಇವರ ಮಾತಿಗೆ ಯಾರು ಬೆಲೆ ಕೊಡ್ತಾರೆ?”

ಏಕಾಂತಯ್ಯ ಶಶಿರೇಖಾಳ ಕಡೆ ನೋಡಲೇ ಇಲ್ಲ. “ಸುಳ್ಳು ಅಂತ ಇವ್ಳು ಹೇಳಿದ್ದು ಹನ್ನೆರಡು ಇಪ್ಪತ್ತಕ್ಕೆ. ನೀವು ಹಾಳೆ ತೆಗೆದಿದ್ದು ಹನ್ನೆರಡು ಐವತ್ತಕ್ಕೆ. ಸುಳ್ಳು ಅಂತ ಗೊತ್ತಿದ್ದೇ ಪೊಲೀಸ್ನೋರ ಕೈಗೆ ಕೊಟ್ರಿ.”

“ಯಾರಿಗೂ ತೋರಿಸ್ಬೇಡಿ ಅಂದ್ರೆ ಯಾರಿಗೇ ಆದ್ರೂ ಅನುಮಾನ ಬರುತ್ತೆ ಸರ್. ಅದಕ್ಕೇ ಒಂದು ಪ್ರತಿ ಇಟ್ಕೊಂಡೆ. ಅವುಗಳ ಪೈಕಿ ಗಬ್ಬದ ಕುದುರೆ ಅದೊಂದೇ, ಅದರ ಸಾಲು ಇಟ್ಕೊಂಡೆ. ತಪ್ಪಾ?” ಕೈ ಮುಗಿದು ಎದ್ದ. “ನಾನು ಮೇಡಂಗೆ ಕೊಟ್ಟ ಮಾತು ಉಳಿಸ್ಕೊಂಡಿದೀನಿ. ಉಳಿದ ಆರನ್ನ ಯಾರಿಗೂ ತೋರಿಸಿಲ್ಲ.”

*

ಕಾರಿನ ಹತ್ತಿರ ಬಂದ ಮೇಲೂ ಏಕಾಂತಯ್ಯ ಬೈಯಲಿಲ್ಲ. ಬೈದಿದ್ದರೆ ಶಶಿರೇಖಾಳಿಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು.

“ನೆನ್ನೆ ಅಂದ್ಯಲ್ಲಮ್ಮ.”

“ಸುಳ್ಳು ಹೇಳ್ದೆ ಸರ್. ಮೂರನೇ ತಾರೀಕೇ ಗೊತ್ತಿತ್ತು. ಚಿಪ್ ನಂಬರ್ ನೋಡಿ ಹೋಲಿಸೋ ಥ‌ರ ಸರಿ ಮಾಡಿ ಮುಚ್ಚಿಬಿಟ್ಟೆ. ಹನ್ನೆರಡನೇ ತಾರೀಕು ಪೇಪರಲ್ಲಿ ನೋಡ್ದಾಗ ಕೈಕಾಲು ಆಡ್ಲಿಲ್ಲ. ಆವತ್ತೇ ಸ್ಟೇಷನ್‌ಗೆ ಹೋಗ್ಬೇಕಿತ್ತು. ಕೆಲಸ ಹೋಗುತ್ತೆ, ಹೆಸರು ಹೋಗುತ್ತೆ ಅಂತ ಹೆದರ್ಕೊಂಡೆ.” ಕಾರಿನ ಬೀಗ ತೆಗೆದಳು. “ಆ ಮನುಷ್ಯನನ್ನ ಒಳಗೆ ಹಾಕ್ಸಿದ್ದು ನಾನೇ ಸರ್. ಸೋಮಶೇಖರ್ ಅಲ್ಲ.”

“ಅರ್ಧ ನೀನು, ಅರ್ಧ ಅವನು. ಪಾಲು ಮಾಡೋಕೆ ಕೋರ್ಟ್ ಇದೆ.” ಬಾಗಿಲು ತೆಗೆದು ಕೂತರು. “ಸಂಜೆ ವಕೀಲರಿಗೆ ಇದನ್ನೂ ಬರೆಸು. ಅದಕ್ಕೆ ಮುಂಚೆ ಚೇಳೂರಿಗೆ ಹೋಗೋಣ. ನನ್ನ ಕರೆಸಿದೋಳು ರಂಗಯ್ಯನ ಮಗಳು ನೇತ್ರಾವತಿ. ಅವಳ ಮುಂದೆ ಕೂತು ನೀನೇ ಹೇಳು.”

ಚೇಳೂರು ಇರುವುದು ಗುಬ್ಬಿ ತಾಲ್ಲೂಕಿನಲ್ಲಿ. ಗುಬ್ಬಿ ಮುಟ್ಟುವಾಗ ಮೂರು ಗಂಟೆ. ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಏಕಾಂತಯ್ಯ ಎರಡು ಖಾಲಿ ದೋಸೆ ಹೇಳಿದರು. ಹಸಿವಿಲ್ಲದ ಶಶಿರೇಖಾ ಲ್ಯಾಪ್‌ಟಾಪ್ ತೆರೆದು, ವಕೀಲರಿಗೆ ಹೇಳಬೇಕಾದ್ದನ್ನು ಬರೆಯತೊಡಗಿದಳು.

ಹೊಸ ಭಾಷೆ ಸಾಲು ಜೋಡಿಸುವ ಬಗೆ ತೋರಿಸಲು ಅದು ಬಂದ ಮೇಲಿನ ಎರಡು ಸೋಮವಾರದ ಸಾಲುಗಳು ಬೇಕಿದ್ದವು. ಮೂರನೇ ತಾರೀಕಿನದು, ಹತ್ತನೇ ತಾರೀಕಿನದು. ಹತ್ತರಂದು ವೆಂಕಟರಂಗಯ್ಯ ಇನ್ನೂ ಫಾರಂನಲ್ಲಿದ್ದ. ಪೊಲೀಸರು ಕರೆದೊಯ್ದದ್ದು ಮಾರನೇ ದಿನ. ಎರಡನ್ನೂ ಪಕ್ಕಪಕ್ಕ ಇಟ್ಟಳು. ಒಂದೇ ವರ್ಷ ಹುಟ್ಟಿದ ಕುದುರೆಗಳ ಕೋಣೆ ಸಂಖ್ಯೆಗಳ ಮೇಲೆ ಕಣ್ಣು ಹಾಯಿಸಿದಳು.

ಹತ್ತನೇ ತಾರೀಕಿನಲ್ಲಿ: ಇಪ್ಪತ್ತೊಂದು, ಹದಿನೆಂಟು, ಹನ್ನೊಂದು, ಆರು, ಮೂರು. ಸರಿಯಾಗಿಯೇ ಇತ್ತು. ಹೊಸ ಭಾಷೆ ಬಂದ ಕ್ರಮವನ್ನು ಕದಲಿಸುವುದಿಲ್ಲ. ರಂಗಯ್ಯ ಆ ತುದಿಯ ಚಂದ್ರಿಯಿಂದ ಶುರು ಮಾಡಿಕೊಂಡು ಬಂದಿದ್ದ.

ಮೂರನೇ ತಾರೀಕಿನಲ್ಲಿ: ಮೂರು, ಆರು, ಹನ್ನೊಂದು, ಹದಿನಾಲ್ಕು, ಹದಿನೆಂಟು, ಇಪ್ಪತ್ತೊಂದು.

ಅವಳ ಬೆರಳು ಕೀಲಿಯ ಮೇಲೆಯೇ ನಿಂತಿತು.

ಉಳಿದ ವರ್ಷದ ಕುದುರೆಗಳನ್ನೂ ನೋಡಿದಳು. ಅಲ್ಲಿಯೂ ಹಾಗೇ. ಆ ಸೋಮವಾರ ಸ್ಕ್ಯಾನರ್ ಹಿಡಿದವರು ಬಾಗಿಲ ಹತ್ತಿರದ ಒಂದನೇ ಕೋಣೆಯಿಂದ ಹೊರಟು ನೇರವಾಗಿ ಹೋಗಿದ್ದರು. ಚಂದ್ರಿಯ ಸ್ವಭಾವ ಗೊತ್ತಿಲ್ಲದ ಯಾರೋ. ಆದರೆ ‘ಆವತ್ತು ಬೆಳಿಗ್ಗೆ ನಾನೇ ಎಲ್ಲಕ್ಕೂ ಮಿಷನ್ ಹಿಡಿದೆ, ಎಲ್ಲಿಗೂ ಹೋಗಿರಲಿಲ್ಲ’ ಎಂದು ವೆಂಕಟರಂಗಯ್ಯ ಪೊಲೀಸರ ಮುಂದೆ ಹೇಳಿಕೆ ಕೊಟ್ಟಿದ್ದ. ಅವನ ಕೈಯಲ್ಲಿದ್ದ ಸಾಕ್ಷಿ ಅದೊಂದೇ.

ಲ್ಯಾಪ್‌ಟಾಪ್ ಮುಚ್ಚಿಬಿಡೋಣ ಎನಿಸಿತು. ಇದು ಅವಳೊಬ್ಬಳಿಗೇ ಕಾಣುವ ಸಂಗತಿ. ಮುಚ್ಚಿದರೆ ಯಾವ ವಕೀಲನಿಗೂ, ಯಾವ ಪೊಲೀಸಿಗೂ ಗೊತ್ತಾಗುವುದಿಲ್ಲ. ಹೇಳಿದರೆ, ಇವಳು ಬಿಡಿಸಲು ಹೊರಟ ಮನುಷ್ಯನೇ ಸುಳ್ಳುಗಾರ ಎಂದಾಗುತ್ತದೆ. ಎದುರಿಗೆ ಏಕಾಂತಯ್ಯ ಚಟ್ನಿಯಲ್ಲಿ ದೋಸೆ ಅದ್ದುತ್ತಿದ್ದರು. ಎಂಟು ದಿನ ಸುಮ್ಮನಿದ್ದದ್ದು ಸಾಕು ಅನ್ನಿಸಿತು.

“ಸರ್, ಆವತ್ತು ಮಿಷನ್ ಹಿಡಿದಿದ್ದು ರಂಗಯ್ಯ ಅಲ್ಲ.”

ಏಕಾಂತಯ್ಯ ಎಲ್ಲವನ್ನೂ ಕೇಳಿಸಿಕೊಂಡರು. ಎರಡನೇ ದೋಸೆ ತಟ್ಟೆಯಲ್ಲೇ ಉಳಿಯಿತು.

*

ಚೇಳೂರಿನ ಮನೆಯ ಜಗುಲಿಯಲ್ಲಿ ವೆಂಕಟರಂಗಯ್ಯನ ಹೆಂಡತಿ ನರಸಿಂಹಮ್ಮ ಅವರೇಕಾಯಿ ಬಿಡಿಸುತ್ತಿದ್ದಳು. ಏಕಾಂತಯ್ಯನವರ ಜೊತೆ ಬಂದ ಹೆಣ್ಣುಮಗಳು ಕೋರ್ಟಿನಲ್ಲಿ ಸಾಕ್ಷಿ ಹೇಳುವವಳು ಎಂದು ತಿಳಿದದ್ದೇ ತಡ, ಮೊರ ಪಕ್ಕಕ್ಕಿಟ್ಟು ಎರಡೂ ಕೈ ಹಿಡಿದುಕೊಂಡಳು.

“ನಿನ್ ಹೊಟ್ಟೆ ತಣ್ಣಗಿರ್ಲಿ ಕಣವ್ವ. ನಮ್ಗೆ ಓದು ಬರಾಕಿಲ್ಲ, ಬರ‍್ಯಾಕೆ ಬರಾಕಿಲ್ಲ. ಆ ದ್ಯಾವ್ರೇ ನಿನ್ನ ಕಳ್ಸವ್ನೆ. ಮಜ್ಜಿಗೆ ತತ್ತೀನಿ ಕೂತ್ಕೊ.”

ಆ ಕೈಗಳಿಂದ ತನ್ನ ಕೈ ಬಿಡಿಸಿಕೊಳ್ಳುವ ಹೊತ್ತಿಗೆ ಶಶಿರೇಖಾಳಿಗೆ ಅಳು ಬಂದುಬಿಟ್ಟಿತ್ತು. ಬೈಗಳಿಗಿಂತ ಈ ಹರಕೆ ಹೆಚ್ಚು ಸುಡುತ್ತಿತ್ತು. ನರಸಿಂಹಮ್ಮ ಒಳಗೆ ಹೋದ ಮೇಲೆ, ಗೋಡೆಗೆ ಒರಗಿ ನಿಂತಿದ್ದ ನೇತ್ರಾವತಿಯ ಮುಂದೆ ಎಲ್ಲವನ್ನೂ ಹೇಳಿದಳು. ವರದಿ ಸುಳ್ಳು ಎಂದು ಮೊದಲ ದಿನವೇ ಗೊತ್ತಿದ್ದದ್ದನ್ನು. ಯಾರಿಗೂ ತೋರಿಸಬೇಡಿ ಎಂದು ಬೇಡಿಕೊಂಡದ್ದನ್ನು. ಪೇಪರ್ ಬಚ್ಚಿಟ್ಟದ್ದನ್ನು. ಎಂಟು ದಿನ ಬಾಯಿ ಮುಚ್ಚಿಕೊಂಡಿದ್ದನ್ನು.

ನೇತ್ರಾವತಿ ಗುಬ್ಬಿಯ ಶಾಲೆಯೊಂದರಲ್ಲಿ ಟೀಚರ್. ಇಪ್ಪತ್ತಾರರ ಹುಡುಗಿ, ಮಾತು ಕಡಿಮೆ. ಸಿಟ್ಟಾಗುತ್ತಾಳೆ, ಬೈಯುತ್ತಾಳೆ ಎಂದು ಶಶಿರೇಖಾ ಕಾದಳು. ಅವಳು ಸಿಟ್ಟಾಗಲಿಲ್ಲ. ಇನ್ನಷ್ಟು ಬಿಳಿಚಿಕೊಂಡಳು.

“ಒಂದು ಪ್ರಶ್ನೆ ಇದೆಯಮ್ಮ,” ಎಂದರು ಏಕಾಂತಯ್ಯ. “ಮೂರನೇ ತಾರೀಕು ಬೆಳಿಗ್ಗೆ ನಿಮ್ಮಪ್ಪ ಮಿಷನ್ ಹಿಡಿದಿಲ್ಲ. ಯಾರು ಹಿಡಿದ್ರು?”

ನೇತ್ರಾವತಿ ಒಳಗೊಮ್ಮೆ ನೋಡಿದಳು. ಅಮ್ಮ ಮಜ್ಜಿಗೆ ಕಡೆಯುವ ಸದ್ದು ಕೇಳುತ್ತಿತ್ತು.

“ನಾನು ಸರ್,” ಎಂದಳು, ಬಹಳ ಮೆಲ್ಲಗೆ. “ಭಾನುವಾರ ಅಪ್ಪನ ಕ್ವಾರ್ಟರ್ಸ್‌ಗೆ ಹೋಗಿದ್ದೆ. ಬೆಳಿಗ್ಗೆ ಆರಕ್ಕೆ ಎಬ್ಬಿಸಿ ಮಿಷನ್ ಕೈಗೆ ಕೊಟ್ರು. ‘ನಾನ್ ಬರೋದು ಹೊತ್ತಾಗ್ತದೆ ಮಗ, ಇವತ್ತೊಂದಿನ ನೀನೇ ಓದ್ಬುಡು’ ಅಂದ್ರು. ಒಂದನೇ ರೂಮಿಂದ ಶುರು ಮಾಡ್ದೆ.”

“ಹದಿನಾಲ್ಕನೇ ರೂಮಲ್ಲಿ ಕಸ್ತೂರಿ ಇತ್ತಾ?”

ನೇತ್ರಾವತಿ ಮತ್ತೆ ಒಳಗೆ ಕಣ್ಣು ಹಾಯಿಸಿದಳು.

“ನೇತ್ರಾವತಿ, ಇತ್ತಾ ಇಲ್ವಾ?”

“ಇರ್ಲಿಲ್ಲ ಸರ್. ರೂಮು ಖಾಲಿ ಇತ್ತು. ‘ಅಲ್ಲಿ ಯಾವ್ದೂ ಇಲ್ದಿದ್ರೆ ಬಾಗಿಲ ಬೋರ್ಡ್ ಮೇಲಿರೋ ಚಿಪ್ ನಂಬರ್ ಮಿಷನ್‌ನಲ್ಲಿ ಒತ್ತು’ ಅಂತ ಅಪ್ಪ ಮೊದ್ಲೇ ಹೇಳಿದ್ರು. ಒತ್ತಿದೆ.”

ಸ್ಕ್ಯಾನರ್‌ನ ಬ್ಯಾಟರಿ ಮುಗಿದಾಗ ಇರಲಿ ಎಂದು ಕೈಯಿಂದ ನಂಬರ್ ಹಾಕುವ ಜಾಗವನ್ನು ಇಟ್ಟುಕೊಟ್ಟವಳು ಶಶಿರೇಖಾಳೇ. ಅವಳ ಕೆಟ್ಟ ಪ್ರೋಗ್ರಾಂ ತಪ್ಪು ಕಾರಣಕ್ಕೆ, ತನಗೇ ತಿಳಿಯದೆ, ನಿಜವನ್ನೇ ಹೇಳಿತ್ತು. ಏಳರಲ್ಲಿ ಆರು ಸುಳ್ಳು. ಕಸ್ತೂರಿ ನಿಜವಾಗಿಯೂ ಅಲ್ಲಿರಲಿಲ್ಲ.

“ಯಾರು ತಗೊಂಡು ಹೋಗಿದ್ರು? ಸೋಮಶೇಖರಾ?”

ನೇತ್ರಾವತಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. “ಮಿಷನ್ ಹಿಡ್ಕೊಂಡು ಲಾಯದ ಬಾಗಿಲಿಗೆ ಬಂದಾಗ ಕುದುರೆ ಲಾರಿ ಗೇಟ್ ದಾಟ್ತಾ ಇತ್ತು ಸರ್. ಓಡಿಸ್ತಿದ್ದೋರು ಅಪ್ಪ. ಪಕ್ಕದಲ್ಲಿ ಯಾರೂ ಇರ್ಲಿಲ್ಲ.”

ಏಕಾಂತಯ್ಯ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ಹನ್ನೊಂದು ಗಂಟೆಗೆ ವಾಪಸ್ ಬಂದ್ರು. ಕಸ್ತೂರಿ ಕುಂಟ್ತಾ ಇತ್ತು. ಅದರ ಕತ್ತು ತಬ್ಕೊಂಡು ಅತ್ತರು ಸರ್ ನಮ್ಮಪ್ಪ. ನಾನು ಅವ್ರು ಅತ್ತಿದ್ದನ್ನ ನೋಡಿರ್ಲೇ ಇಲ್ಲ. ಎಲ್ಲಿಗೆ ಹೋಗಿದ್ರಿ ಅಂದ್ರೆ ‘ಕೇಳ್ಬ್ಯಾಡ ಮಗ’ ಅಂದ್ರು. ಅಷ್ಟೇ.”

ಅಷ್ಟರಲ್ಲಿ ಶಶಿರೇಖಾಳ ಫೋನು ಮೊಳಗಿತು. ಐದು ಗಂಟೆ. ವಕೀಲ ಲಕ್ಷ್ಮೀನರಸಿಂಹಯ್ಯ.

“ಮೇಡಂ, ಪೇಪರ್ ಎಲ್ಲ ರೆಡಿ ಇದೆ. ಎರಡೇ ವಾಕ್ಯ ಸಾಕು ನನಗೆ. ಒಂದು, ಆ ರಿಪೋರ್ಟ್ ಸುಳ್ಳು. ಎರಡು, ಮೂರನೇ ತಾರೀಕು ನಿಮ್ಮ ದಾಖಲೆ ಪ್ರಕಾರ ಕಸ್ತೂರಿ ಲಾಯದಲ್ಲೇ ಇತ್ತು. ಹೀಗೆ ಬರ್ಕೊಂಡ್ರೆ ರಂಗಯ್ಯ ನಾಳೆ ಹೊರಗೆ ಬರೋದು ಗ್ಯಾರಂಟಿ. ಬರ್ಕೊಳ್ಳಲಾ?”

ಮೊದಲನೇ ವಾಕ್ಯ ನಿಜ. ಎರಡನೆಯದೂ, ದಾಖಲೆ ಪ್ರಕಾರ, ನಿಜವೇ.

ನೇತ್ರಾವತಿಗೆ ಫೋನಿನ ಮಾತು ಕೇಳಿಸಿತ್ತು. ಹತ್ತಿರ ಬಂದು ಶಶಿರೇಖಾಳ ಮೊಣಕೈ ಹಿಡಿದುಕೊಂಡಳು. ಒಳಗಿರುವ ಅಮ್ಮನಿಗೆ ಕೇಳಬಾರದೆಂದು ಪಿಸುದನಿಯಲ್ಲಿ ಹೇಳಿದಳು.

“ನಿಮಗೋಸ್ಕರ ಎಂಟು ದಿನ ಸುಮ್ನಿದ್ರಲ್ಲ ಅಕ್ಕ. ನಮ್ಮಪ್ಪನಿಗೋಸ್ಕರ ಒಂದೇ ಒಂದು ದಿನ ಸುಮ್ನಿರಿ.”

ಶಶಿರೇಖಾ ಏಕಾಂತಯ್ಯನವರ ಮುಖ ನೋಡಿದಳು. ಅವರು ಬೀದಿಯ ಕಡೆ ತಿರುಗಿಕೊಂಡರು.

“ಮೇಡಂ? ಲೈನಲ್ಲಿದೀರಾ?”

“ಇದೀನಿ ಸರ್,” ಎಂದಳು. “ಬರ್ಕೊಳ್ಳಿ.”

ಆ ಕಡೆ ಹಾಳೆ ಮಗುಚಿದ ಸದ್ದು ಕೇಳಿಸಿತು. ಏನನ್ನು ಬರೆಸಬೇಕೆಂದು ಅವಳಿಗೆ ಇನ್ನೂ ಗೊತ್ತಿರಲಿಲ್ಲ.